ಎರೆಮೀನಿನ ವಿಶ್ರಾಂತಿ

"ಏಳ್ಲೇ ಮೇಲೆ! ಆ ಕುರ್ಚಿ ಏನು ನಿಮ್ಮಪ್ಪಂದಾ?"

ಇದ್ರೀಸ್ ಎದ್ದ. ಎದ್ದ ಮೇಲೆ ಕುರ್ಚಿಯ ಬೆನ್ನಿಗೆ ಅಂಟಿಸಿದ್ದ ಚೀಟಿಯನ್ನು ಇನ್ನೊಮ್ಮೆ ಓದಿದ. 'ಮೀನುಗಾರರು' ಎಂದೇ ಬರೆದಿತ್ತು. ಪಕ್ಕದ ಕುರ್ಚಿಗಳಿಗೆ 'ಇಲಾಖೆ', 'ವಿಜ್ಞಾನ', 'ಪ್ರವಾಸೋದ್ಯಮ' ಎಂಬ ಚೀಟಿಗಳಿದ್ದವು. ಆ ಮೂರೂ ತಾನಲ್ಲ ಎಂಬುದು ಅವನಿಗೂ ಗೊತ್ತು. ಉಳಿದ ಒಂದರಲ್ಲಿ ಕೂತದ್ದು ಇಷ್ಟು ದೊಡ್ಡ ತಪ್ಪು ಎಂದು ಯಾರಿಗೆ ಗೊತ್ತಿತ್ತು?

ಅವನು ಬಿಟ್ಟ ಕುರ್ಚಿಯನ್ನು ಮುಹ್ಸಿನ್ ಮಣಿಕು ಕರವಸ್ತ್ರದಿಂದ ಒರೆಸಿ, ಕರವಸ್ತ್ರವನ್ನು ಮಡಚಿ ಜೇಬಿಗಿಟ್ಟು, ತಾನು ಕೂತ. ದ್ವೀಪದ ದೊಡ್ಡ ದೋಣಿಗಳೆಲ್ಲ ಅವನವೇ. ಮಂಜುಗಡ್ಡೆಯ ಮನೆ ಅವನದು, ಅಕ್ಕಿ ಮಾರುವ ಅಂಗಡಿ ಅವನದು. ಸಮುದ್ರಕ್ಕೆ ಹೋದರೆ ಮಾತ್ರ ಅವನಿಗೆ ಹೊಟ್ಟೆ ತೊಳಸುತ್ತದೆ. ತನ್ನ ದೋಣಿಯನ್ನು ಅವನು ಹತ್ತಿ ವರ್ಷಗಳೇ ಆಗಿದ್ದವು. ಆದರೂ ಮೀನುಗಾರರ ಕುರ್ಚಿ ಅವನದು.

ಶಾಲೆಯ ಹಜಾರದ ಗೋಡೆಗೆ ನೀಲಿ ಬಟ್ಟೆ ಕಟ್ಟಿದ್ದರು. 'ಪರಿಸರ ವ್ಯವಸ್ಥೆ ಆಧಾರಿತ ಟ್ಯೂನಾ ಮೀನುಗಾರಿಕಾ ನಿರ್ವಹಣೆ' ಎಂದು ಅದರ ತುಂಬ ಅಕ್ಷರ. ಅಷ್ಟುದ್ದದ ಹೆಸರನ್ನು ಒಂದೇ ಉಸಿರಿನಲ್ಲಿ ಹೇಳಬಲ್ಲವನೆಂದರೆ ರಾಜಧಾನಿಯಿಂದ ಬಂದ ಅಧಿಕಾರಿ ಶಫೀಗ್ ಸಾಹೇಬ ಒಬ್ಬನೇ. ಬಹುಶಃ ಅದಕ್ಕೇ ಅವನಿಗೆ ಸಂಬಳ. ಅವನು ಒಂದು ಚಿತ್ರವನ್ನು ಪರದೆಯ ಮೇಲೆ ಬಿಟ್ಟ. ಹವಳ, ಹವಳದ ಮೇಲೆ ಸಣ್ಣ ಮೀನು, ಸಣ್ಣ ಮೀನನ್ನು ತಿನ್ನುವ ಟ್ಯೂನಾ, ಟ್ಯೂನಾದ ಮೇಲೆ ಹಾರುವ ಹಕ್ಕಿ, ಪಕ್ಕದಲ್ಲಿ ಆಮೆ, ಶಾರ್ಕ್, ಎಲ್ಲದರ ನಡುವೆ ಅತ್ತಿತ್ತ ಓಡುವ ಬಾಣಗಳು.

"ಎಲ್ಲವೂ ಒಂದಕ್ಕೊಂದು ಅಂಟಿಕೊಂಡಿದೆ," ಎಂದ ಸಾಹೇಬ. "ಒಂದು ಎಳೆ ಕಿತ್ತರೆ ಬಲೆಯೆಲ್ಲ ಬಿಚ್ಚಿಹೋಗುತ್ತದೆ."

ಹಿಂಬಾಗಿಲಲ್ಲಿ ಸಾರಿನ ಹಂಡೆಯ ಮುಂದೆ ನಿಂತಿದ್ದ ಇದ್ರೀಸನ ಅಕ್ಕ ಸನ್ಫಾ ಸೌಟು ಹಿಡಿದುಕೊಂಡೇ ಕೇಳಿದಳು: "ಸಾಹೇಬ್ರೇ, ಹಕ್ಕಿ ಐತೆ, ಆಮೆ ಐತೆ. ನಾವೆಲ್ಲಿದೀವಿ ಅದ್ರಾಗೆ?"

ಸಾಹೇಬ ಸಂತೋಷದಿಂದಲೇ ಕೋಲು ಚಾಚಿ ಮೂಲೆಯ ಕೆಂಪು ಬಾಣವನ್ನು ತೋರಿಸಿದ. "ಇಲ್ಲಿ ನೋಡಿ. 'ಮಾನವ ಒತ್ತಡ'. ಅದು ನೀವು."

"ಅಂದ್ರೆ ನಾವೇನು ರೋಗಾನಾ?"

ಹಿಂದಿನ ಸಾಲು ಗೊಳ್ಳೆಂದಿತು. ಮಣಿಕು ತಿರುಗಿ ನೋಡಿದ. "ನೀನು ಹಂಡೆ ನೋಡ್ಕೋ ಹೋಗೇ. ಬಾಯಿ ಇದ್ದಷ್ಟು ಸಾರಿಗೆ ಉಪ್ಪಿದ್ರೆ ಸಾಕು."

ಆಮೇಲೆ ಬಂತು ದೊಂಫರುವಿನ ಮಾತು. ದೊಂಫರು ಎಂದರೆ ದ್ವೀಪದ ಬೆನ್ನಿಗಿರುವ ಹವಳದ ದಿಬ್ಬ. ಸೊಂಟದುದ್ದದ ನೀರು. ಬೆರಳುದ್ದದ ಬೆಳ್ಳಿ ಮೀನುಗಳು ಅಲ್ಲಿ ಗುಂಪು ಕಟ್ಟುತ್ತವೆ. ಟ್ಯೂನಾಕ್ಕೆ ಅವೇ ಎರೆ. ಜೀವಂತ ಎರೆಮೀನನ್ನು ಚಿಮ್ಮಿಸಿದರೆ ಮಾತ್ರ ಟ್ಯೂನಾ ದೋಣಿಯ ಬುಡಕ್ಕೆ ಬರುತ್ತದೆ, ಆಗಲೇ ಕೊಕ್ಕೆ ಕಟ್ಟಿದ ಬಿದಿರುಗಳಕ್ಕೆ ಸಿಗುತ್ತದೆ. ಎರೆಯಿಲ್ಲದೆ ಗಳ ಹಿಡಿದು ಕೂರುವುದೂ ಒಂದೇ, ಮನೆಯಲ್ಲಿ ಬೆರಳು ಚೀಪುತ್ತ ಕೂರುವುದೂ ಒಂದೇ.

ಮಣಿಕುವಿನ ದೊಡ್ಡ ದೋಣಿಗಳು ದೀಪ ಹಚ್ಚಿಕೊಂಡು ದೂರದ ದ್ವೀಪಗಳ ಎರೆಯನ್ನಾದರೂ ಬಳಿದು ತರಬಲ್ಲವು. ಇದ್ರೀಸನಿಗೆ ಇದ್ದದ್ದು ಅಪ್ಪ ಬಿಟ್ಟುಹೋದ ಸಣ್ಣ ಹಾಯಿದೋಣಿ. ಮಣಿಕು ಕೆಲಸಕ್ಕೆ ಕರೆಯದ ದಿನ ಅವನು ದೊಂಫರುವಿನಲ್ಲಿ ಬಲೆ ಹಾಸಿ, ಒಂದು ಬುಟ್ಟಿ ಎರೆ ಹಿಡಿದು, ಸಂಜೆಯೊಳಗೆ ಹೋಗಿ ಬರುತ್ತಿದ್ದ. ತಂದ ಮೀನನ್ನು ಸನ್ಫಾ ಬೇಯಿಸಿ ಹೊಗೆಗಿಡುತ್ತಿದ್ದಳು. ಆ ದಿನ ಅವನನ್ನು ಲೇ ಅನ್ನುವವರಿರಲಿಲ್ಲ. ಇಡೀ ಬದುಕಿನಲ್ಲಿ ಅವನಿಗೆ ಇದ್ದ ಸುಖ ಅದೊಂದೇ. ದೊಂಫರು ಹೋದರೆ ಆ ಹಾಯಿದೋಣಿಯನ್ನು ಬೋರಲು ಹಾಕಿ ಕೋಳಿಗೂಡು ಮಾಡಬೇಕಷ್ಟೆ.

"ದೊಂಫರುವಿಗೆ ನಾವು ವಿಶ್ರಾಂತಿ ಕೊಡಬೇಕು," ಎಂದ ಸಾಹೇಬ. "ಎರೆಮೀನು ಪಾಪ, ದಣಿದಿದೆ. ಇನ್ನು ಮೇಲೆ ಅಲ್ಲಿ ಬಲೆ ಹಾಕುವಂತಿಲ್ಲ."

"ವಿಹಾರಧಾಮದ ಗಾಜಿನ ತಳದ ದೋಣಿಗಳು?" ಎಂದು 'ಪ್ರವಾಸೋದ್ಯಮ' ಕುರ್ಚಿ ಕೇಳಿತು.

"ಅವಕ್ಕೆ ಅಡ್ಡಿಯಿಲ್ಲ. ನೋಡಿದರೆ ಮೀನು ಸವೆಯುವುದಿಲ್ಲವಲ್ಲ." ಸಾಹೇಬ ನಕ್ಕ. ಆಮೇಲೆ ಮುಖ ಗಂಭೀರ ಮಾಡಿಕೊಂಡು ಮುಂದಿನ ಸಾಲನ್ನು ನೋಡಿದ. "ಜನರ ಒಪ್ಪಿಗೆ ಇಲ್ಲದೆ ನಾವು ಏನನ್ನೂ ಮಾಡುವುದಿಲ್ಲ. ಮೀನುಗಾರರು ಒಪ್ಪುತ್ತಾರೆಯೇ?"

ಮೀನುಗಾರರ ಕುರ್ಚಿಯಿಂದ ಮಣಿಕು ಕೈಯೆತ್ತಿದ. "ಮನಸಾರೆ ಒಪ್ತೀವಿ."

ಗೋಡೆಗೊರಗಿ ನಿಂತಿದ್ದ ಇದ್ರೀಸ್ ಬಾಯಿ ತೆರೆದ. ಅಷ್ಟರಲ್ಲಿ ಚಪ್ಪಾಳೆ ಬಿತ್ತು. ಚಪ್ಪಾಳೆ ನಿಲ್ಲುವಷ್ಟರಲ್ಲಿ ಊಟ ಬಂತು. ಮಾನವ ಒತ್ತಡ ಮಾಡಿದ ಟ್ಯೂನಾ ಸಾರನ್ನು ರೊಟ್ಟಿಯ ಜೊತೆ ಸಾಹೇಬ ಎರಡು ಸಲ ಹಾಕಿಸಿಕೊಂಡು ಉಂಡ.

ಎಲ್ಲ ಹೋದ ಮೇಲೆ ಸನ್ಫಾ ಹಂಡೆಯ ತಳ ಕೆರೆಯುತ್ತಿದ್ದಳು. ತಮ್ಮನನ್ನು, ತನ್ನ ಕೊಕ್ಕೊನನ್ನು, ತಲೆಯೆತ್ತಿ ನೋಡಲಿಲ್ಲ.

"ಕುರ್ಚಿ ಬಿಟ್ಟು ಯಾಕೆದ್ದೆ ಕೊಕ್ಕೊ?"

"ಮಣಿಕು ಏಳು ಅಂದ್ನಲ್ಲ ದತ್ತಾ." ಅಕ್ಕನನ್ನು ಅವನು ದತ್ತಾ ಎಂದೇ ಕರೆಯುತ್ತಿದ್ದ.

"ಏಳು ಅಂದ್ರೆ ಏಳ್ತೀಯ. ಕೂರು ಅಂದ್ರೆ ಕೂರ್ತೀಯ. ನೀರು ಮೊಗಿ ಅಂದ್ರೆ ಮೊಗೀತೀಯ. ನಾಳೆ ಅವ್ನು ಕುಂಡೆ ತೊಳಿ ಅಂದ್ರೆ ಚೆಂಬು ಹುಡುಕ್ತೀಯ." ಅವಳು ಸೌಟನ್ನು ಹಂಡೆಗೆ ಎಸೆದಳು. "ಅಪ್ಪನ ದೋಣಿ ಒಡ್ದು ಒಲೆಗೆ ಹಾಕ್ತೀನಿ ಬಿಡು. ಒಣಗಿದ ಮರ, ರೊಟ್ಟಿ ಚೆನ್ನಾಗಿ ಬೇಯ್ತದೆ."

ಇದ್ರೀಸ್ ಹಂಡೆಯೊಳಗಿಂದ ಸೌಟನ್ನು ತೆಗೆದು ಪಕ್ಕಕ್ಕಿಟ್ಟ. ಅಕ್ಕನ ಮೇಲೆ ಸಿಟ್ಟು ಬಂತು. ಮಣಿಕುವಿನ ಮೇಲೆ ಬರಬೇಕಾದ ಸಿಟ್ಟು ಯಾವಾಗಲೂ ದಾರಿ ತಪ್ಪಿ ಮನೆಯವರ ಮೇಲೇ ಬರುತ್ತಿತ್ತು. ಅದೂ ಅವನಿಗೆ ಗೊತ್ತಿತ್ತು, ಅದಕ್ಕೇ ನಾಚಿಕೆಯೂ ಆಯಿತು.

ಮರುದಿನ ಬೆಳಿಗ್ಗೆ ಕ್ಯಾಮೆರಾ ಬಂತು. ಹೊರದೇಶದಲ್ಲಿ ಡಬ್ಬಿ ಮೀನು ತಿನ್ನುವವರಿಗೆ ಈ ದ್ವೀಪದ ಮೀನು ಎಷ್ಟು ಪುಣ್ಯದ್ದು ಎಂದು ತೋರಿಸಬೇಕಿತ್ತು. ಬಲೆಯಿಲ್ಲ, ಆಮೆಯ ಕೊಲೆಯಿಲ್ಲ, ಒಂದು ಗಳಕ್ಕೆ ಒಂದೇ ಮೀನು. ಅದಕ್ಕಾಗಿ ಮಣಿಕುವಿನ ಹಳೆಯ ಮರದ ದೋಣಿಯನ್ನು ತೊಳೆದು ನಿಲ್ಲಿಸಿದ್ದರು. ಹೊಸ ದೋಣಿಗಳು ನೋಡಲು ಸಾಂಪ್ರದಾಯಿಕವಾಗಿಲ್ಲವಂತೆ.

"ಆ ಪಂಪು ಇಳಿಸಿ," ಎಂದ ಸಾಹೇಬ. "ಡಬಡಬ ಅನ್ನುತ್ತದೆ. ಕಣ್ಣಿಗೂ ಚೆನ್ನಾಗಿಲ್ಲ."

ದೋಣಿಯ ನಾಯಕ ಜಾಬಿರ್ ತಲೆ ಕೆರೆದುಕೊಂಡ. "ಪಂಪಿಲ್ದೆ ಎರೆ ಬದುಕಲ್ಲ ಸಾಹೇಬ್ರೇ. ನೀರು ಆಡ್ತಾನೇ ಇರ್ಬೇಕು."

"ಹಿಂದೆ ಪಂಪಿತ್ತೇ?"

"ಹಿಂದೆ ಕೈಯಲ್ಲಿ ಮೊಗೀತಿದ್ರು. ಹೊಟ್ಟೇಲಿ ತೂತುಗಳಿವೆ ದೋಣಿಗೆ. ಬಿರಡೆ ಕಿತ್ರೆ ನೀರು ಎರೆತೊಟ್ಟಿಗೆ ನುಗ್ತದೆ, ಒಳಗಿನ್ ನೀರು ಹಿಂದಿನ್ ಗುಂಡಿಗೆ ಬರ್ತದೆ. ಗುಂಡೀಲಿ ಒಬ್ಬ ಕೂತು ಮೊಗ್ದು ಮೊಗ್ದು ಹೊರಗೆ ಚೆಲ್ತಾನೇ ಇರ್ಬೇಕು."

"ದೋಣಿಗೆ ತೂತು!" ಸಾಹೇಬನ ಮುಖ ಅರಳಿತು. "ಅದ್ಭುತ. ಇದನ್ನೇ ತೋರಿಸೋಣ. ಈಗ ಮೊಗೆಯುವವರು ಯಾರೂ ಇಲ್ಲವೇ?"

"ಇದಾನಲ್ಲ ನಾಯಿಮಗ," ಎಂದ ಮಣಿಕು. "ಲೇ ಇದ್ರೀಸ್, ಬಾರೋ ಇಲ್ಲಿ."

ಪಂಪು ಬರುವ ಮುಂಚಿನಿಂದಲೂ ಇದ್ರೀಸ್ ಮೊಗೆಯುವವನೇ. ಪಂಪು ಕೆಟ್ಟ ದಿನ ಈಗಲೂ ಅವನೇ. ದೋಣಿಯಲ್ಲಿ ಗಳದವರು ಗಳದವರು, ಮೊಗೆಯುವವನು ಮೊಗೆಯುವವನು. ಗಳ ಹಿಡಿಯುವ ಕೈ ಮೊಗೆಯುವ ಬೋಗುಣಿಯನ್ನು ಮುಟ್ಟಿದರೆ ಮೀನು ದೂರ ಹೋಗುತ್ತದೆ ಎಂದು ಮಣಿಕುವಿನ ಅಜ್ಜನ ಕಾಲದಿಂದ ಬಂದ ಕಟ್ಟಳೆ. ಹೋದ ವರ್ಷ ಇದ್ರೀಸನಿಗೆ ಜ್ವರ ಬಂದು ಕೈ ನಡುಗುತ್ತಿದ್ದಾಗ ಗಳದ ಫಿಕ್ರಿ ಕೆಳಗಿಳಿದು ಒಂದಿಷ್ಟು ಹೊತ್ತು ಮೊಗೆದಿದ್ದ. ಅದು ಮಣಿಕುವಿನ ಕಿವಿಗೆ ಬಿತ್ತು. ಜೆಟ್ಟಿಯ ಮೇಲೆ ಎಲ್ಲರೆದುರು ಫಿಕ್ರಿಯ ಗಳವನ್ನು ಮೂರು ತುಂಡು ಮಾಡಿಸಿ, "ಕಕ್ಕಸು ಬಳಿದ ಕೈಲಿ ಅನ್ನ ಬಡಿಸ್ತೀಯೇನೋ?" ಎಂದು ಕೇಳಿ, ಆ ಹಂಗಾಮು ಮುಗಿಯುವವರೆಗೂ ಅವನನ್ನು ದಡದ ಮೇಲೇ ಕೂರಿಸಿದ್ದ. ಅಂದಿನಿಂದ ಯಾರೂ ಬೋಗುಣಿಯ ಹತ್ತಿರ ಸುಳಿದಿರಲಿಲ್ಲ.

ಇದ್ರೀಸ್ ದೋಣಿಗೆ ಇಳಿದ. ಕ್ಯಾಮೆರಾದವನು ಅವನ ಎದೆಯನ್ನೇ ನೋಡಿ ಮುಖ ಹುಳ್ಳಗೆ ಮಾಡಿದ. ಯಾವುದೋ ದೂರದೇಶದ ಫುಟ್‌ಬಾಲ್ ತಂಡದ ಕೆಂಪು ಅಂಗಿ. ಬೆನ್ನ ಮೇಲೆ ಒಂಬತ್ತು ಎಂಬ ಅಂಕೆ. ಇದ್ದುದರಲ್ಲಿ ಹರಿಯದ ಅಂಗಿ ಅದೊಂದೇ, ಕ್ಯಾಮೆರಾ ಬರುತ್ತದೆಂದು ಸನ್ಫಾ ಒಗೆದು ಕೊಟ್ಟಿದ್ದಳು.

"ಬಿಚ್ಚೋ ಅದನ್ನ," ಎಂದ ಮಣಿಕು. "ಮೀನು ಹಿಡಿಯೋಕ್ ಬಂದಿದೀಯ, ಮದ್ವೆಗೆ ಬಂದಿದೀಯ?"

ಅವನು ಬಿಚ್ಚಿ ಮಡಚಿ ಹಲಗೆಯ ಮೇಲಿಟ್ಟ.

"ಪರಂಪರೆ ಅಂದರೆ ಇದು," ಎಂದ ಸಾಹೇಬ, ಅವನ ಮೂಳೆ ಎದ್ದ ಬೆನ್ನನ್ನು ನೋಡಿ.

ಮೊದಲು ಎರೆ ಹಿಡಿಯಬೇಕಿತ್ತು. ಜಾಬಿರ್ ಎಲ್ಲಿಗೆ ಎಂದು ಕೇಳಿದ. ಸಾಹೇಬ ಹತ್ತಿರದ್ದೇ ಆಗಲಿ ಎಂದ. ಹತ್ತಿರದ್ದು ಎಂದರೆ ದೊಂಫರು. ನಿನ್ನೆಯಷ್ಟೆ ವಿಶ್ರಾಂತಿಗೆ ಮಲಗಿಸಿದ ದೊಂಫರು.

"ಅಲ್ಲಿ ಬಲೆ ಹಾಕ್ಬಾರ್ದು ಅಂದ್ರಲ್ಲ?" ಎಂದು ಇದ್ರೀಸ್ ಕೇಳಿದ. ಕೇಳಿದ ಮೇಲೆ ಅವನಿಗೇ ಆಶ್ಚರ್ಯವಾಯಿತು.

"ಇದು ಪ್ರಾತ್ಯಕ್ಷಿಕೆ," ಎಂದ ಸಾಹೇಬ. "ಇದಕ್ಕೆ ವಿನಾಯಿತಿ ಇದೆ."

ಬಲೆ ಬಿತ್ತು. ಬೆಳ್ಳಿ ಮೀನುಗಳು ಬುಟ್ಟಿಗಟ್ಟಲೆ ಮೇಲೆ ಬಂದವು. ಇದ್ರೀಸ್ ತನ್ನ ಹಾಯಿದೋಣಿಗಾಗಿ ಎಂದೂ ಇಷ್ಟು ಹಿಡಿದವನಲ್ಲ. ಅವನು ಬಿರಡೆಗಳನ್ನು ಒಂದೊಂದಾಗಿ ಕಿತ್ತು ಸೊಂಟದ ಮುಂಡಿಗೆ ಸಿಕ್ಕಿಸಿಕೊಂಡ. ತೊಟ್ಟಿಗೆ ನೀರು ನುಗ್ಗಿತು, ಎರೆಮೀನುಗಳು ಸುತ್ತತೊಡಗಿದವು. ಅವನು ಗುಂಡಿಗಿಳಿದು ಬೋಗುಣಿ ಹಿಡಿದ. ಮೊಗೆದ, ಚೆಲ್ಲಿದ, ಮೊಗೆದ, ಚೆಲ್ಲಿದ. ದೋಣಿ ಹವಳದ ಬಾಯಿ ದಾಟಿ ಹೊರಗಡಲಿಗೆ ಬಿತ್ತು.

ಮೊದಲ ದೊಡ್ಡ ಅಲೆಗೇ, ಕ್ಯಾಮೆರಾದ ಆಸೆಗೆ ದೋಣಿ ಹತ್ತಿದ್ದ ಮಣಿಕು ಅಂಚಿಗೆ ಬಾಗಿ ಬೆಳಗಿನ ತಿಂಡಿಯನ್ನು ಸಮುದ್ರಕ್ಕೆ ಒಪ್ಪಿಸಿದ. ಗಳದವರು ಗಂಭೀರವಾಗಿ ಆಕಾಶ ನೋಡಿದರು.

ದಡ ಕಣ್ಮರೆಯಾದ ಮೇಲೆ ಹಕ್ಕಿಗಳು ಕಂಡವು. ಹಕ್ಕಿಗಳ ಕೆಳಗೆ ನೀರು ಕುದಿಯುತ್ತಿತ್ತು. ಎರೆ ಚಿಮ್ಮಿದರು. ಟ್ಯೂನಾ ಬಂದೇ ಬಂತು. ಗಳಗಳು ಬಾಗಿ ಎದ್ದವು, ಕೊಬ್ಬಿದ ಮೀನುಗಳು ಗಾಳಿಯಲ್ಲಿ ಹಾರಿ ಹಲಗೆಗೆ ಧಪಧಪ ಬಿದ್ದವು. ಫಿಕ್ರಿ ಕೇಕೆ ಹಾಕಿದ. ಅಷ್ಟರಲ್ಲಿ ಸಾಹೇಬ ಎರಡೂ ಕೈ ಎತ್ತಿದ.

"ನಿಲ್ಲಿಸಿ! ನಿಲ್ಲಿಸಿ! ಸೂರ್ಯ ಎದುರಿಗಿದ್ದಾನೆ. ದೋಣಿ ತಿರುಗಿಸಿ."

"ಮೀನು ಬಂದಾವೆ ಸಾಹೇಬ್ರೇ!" ಎಂದ ಜಾಬಿರ್.

"ಸ್ವಲ್ಪ ಕಾಯಲಿ."

ದೋಣಿ ತಿರುಗಿತು. ಮೀನು ಕಾಯಲಿಲ್ಲ. ಹಕ್ಕಿಗಳೂ ಅದರ ಹಿಂದೆಯೇ ಹೋದವು. ಖಾಲಿ ನೀರನ್ನು ನೋಡಿ ಫಿಕ್ರಿ ಹಲ್ಲು ಕಚ್ಚಿಕೊಂಡು ಸಾಹೇಬನ ತಾಯಿಯನ್ನು ಮೆಲ್ಲಗೆ ನೆನೆದ.

"ಪರವಾಗಿಲ್ಲ," ಎಂದ ಸಾಹೇಬ. "ಮಾತಿನ ಭಾಗ ಮುಗಿಸೋಣ." ಅವನು ಬಂದು ಗುಂಡಿಯ ಅಂಚಿನಲ್ಲಿ ನಿಂತ. ಕ್ಯಾಮೆರಾಕ್ಕೆ ಮುಖ ಕೊಟ್ಟು, ಇದ್ರೀಸನ ಭುಜದ ಮೇಲೆ ಕೈಯಿಟ್ಟ. "ಇವರು ಈ ದ್ವೀಪದ ಸಾಮಾನ್ಯ ಮೀನುಗಾರರು. ಸಮುದ್ರದ ಒಳಿತಿಗಾಗಿ ದೊಂಫರುವನ್ನು ಇವರು ತಾವೇ ಸಂತೋಷದಿಂದ ಬಿಟ್ಟುಕೊಟ್ಟಿದ್ದಾರೆ." ಕ್ಯಾಮೆರಾ ನಿಂತಿತು. ಸಾಹೇಬ ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡ. "ಈಗ ನೀನು ಹೇಳಬೇಕು. 'ಸಮುದ್ರ ನಮ್ಮ ತಾಯಿ. ದೊಂಫರು ಬಿಟ್ಟಿದ್ದಕ್ಕೆ ನನಗೆ ಸಂತೋಷ.' ಇಷ್ಟೇ. ಮೊಗೆಯುತ್ತಲೇ ಹೇಳು, ಚೆನ್ನಾಗಿರುತ್ತದೆ."

ಇದ್ರೀಸ್ ಮೊಗೆದ. "ಸಮುದ್ರ ನಮ್ಮ ತಾಯಿ," ಎಂದ. ಅಲ್ಲಿಗೆ ನಿಂತ.

"ಮುಂದೆ?"

ಇದ್ರೀಸ್ ಇನ್ನೊಂದು ಬೋಗುಣಿ ನೀರು ಚೆಲ್ಲಿದ. ಸಾಹೇಬ ಇನ್ನೊಮ್ಮೆ ಹೇಳಿಕೊಟ್ಟ. ಮಾತು ಮತ್ತೆ ಅಲ್ಲಿಗೇ ನಿಂತಿತು. "ನಗುತ್ತಾ ಹೇಳಪ್ಪ," ಎಂದ ಕ್ಯಾಮೆರಾದವನು.

ಮಣಿಕು ಅಂಚಿನಿಂದ ತಲೆಯೆತ್ತಿ, ಬಾಯಿ ಒರೆಸಿಕೊಂಡು ಕಿರುಚಿದ: "ಹೇಳೋ ಬೋಳಿಮಗನೆ! ಒಂದು ಮಾತಿಗೆ ಇಷ್ಟು ಸತಾಯಿಸ್ತೀಯ? ಸಂತೋಷ ಅಂತ ಬೊಗಳೋ! ನಿನ್ನಕ್ಕನ್ನ ನಿನ್ನೆ ಅಡಿಗೇಗೆ ಕರೆದೆ, ಇನ್ನು ಮೇಲೆ ಅಂಗಡಿ ಮೆಟ್ಲೂ ಹತ್ತಿಸಲ್ಲ ನೋಡು!"

ಇದ್ರೀಸ್ ಮೊಗೆದ ನೀರನ್ನು ಚೆಲ್ಲಿದ. ಆಮೇಲೆ ಬೋಗುಣಿಯನ್ನು ಕವುಚಿ ಹಲಗೆಯ ಮೇಲಿಟ್ಟ. ಗುಂಡಿಯಿಂದ ಮೇಲೆ ಬಂದು ಅದರ ಪಕ್ಕದಲ್ಲಿ ಕೂತ. ಕೈಗಳು ಅಭ್ಯಾಸಬಲದಿಂದ ಇನ್ನೂ ಅಲ್ಲಾಡುತ್ತಿದ್ದವು. ಅವನು ಅವನ್ನು ತೊಡೆಯ ಕೆಳಗೆ ಸಿಕ್ಕಿಸಿಕೊಂಡ.

"ಯಾಕೆ ನಿಲ್ಲಿಸಿದೆ?" ಎಂದ ಸಾಹೇಬ.

"ದಣಿದಿದೀನಿ ಸಾಹೇಬ್ರೇ. ಎರೆಮೀನಿಗೆ ವಿಶ್ರಾಂತಿ ಕೊಟ್ರಲ್ಲ. ನನಗೂ ಒಂದಿಷ್ಟು ಬೇಡ್ವಾ?"

ಅದನ್ನು ಅವನು ಮೆಲ್ಲಗೆ, ತುಂಬ ಮರ್ಯಾದೆಯಿಂದಲೇ ಹೇಳಿದ. ಫಿಕ್ರಿಗೆ ನಗು ತಡೆಯಲಾಗದೆ ಕೆಮ್ಮು ಬಂತು. ಗುಂಡಿಯಲ್ಲಿ ನೀರು ಏರುತ್ತಿತ್ತು.

"ಬಿರಡೆ ಹಾಕು ಕಣೋ ಹಾಗಾದ್ರೆ," ಎಂದ ಜಾಬಿರ್. ಅವನ ದನಿಯಲ್ಲಿ ಭಯವೂ ಇತ್ತು, ಕೇಳಿಕೊಳ್ಳುವಿಕೆಯೂ ಇತ್ತು.

ಇದ್ರೀಸ್ ಸೊಂಟದಿಂದ ಬಿರಡೆಗಳನ್ನು ತೆಗೆದ. ಅಂಗೈಯಲ್ಲಿಟ್ಟು ನೋಡಿದ. ಅವನೇ ಕೆತ್ತಿದ ಬಿರಡೆಗಳು. ಒಂದನ್ನು ಎಸೆದ. ಇನ್ನೊಂದನ್ನು ಎಸೆದ. ಎಲ್ಲವನ್ನೂ ಎಸೆದ ಮೇಲೆ ಅವು ಅಲೆಯ ಮೇಲೆ ಕುಣಿಯುತ್ತ ಹಿಂದೆ ಹಿಂದೆ ಹೋದವು. ಅವನಿಗೆ ಎದೆ ಹಗುರಾಯಿತು. ಜೀವಮಾನದಲ್ಲಿ ಮೊದಲ ಸಲ ಸಿಟ್ಟು ಸರಿಯಾದ ವಿಳಾಸಕ್ಕೆ ಹೋಗಿತ್ತು.

"ಬೇಬೆ," ಎಂದ ಅವನು ಜಾಬಿರನಿಗೆ, ಅಣ್ಣನನ್ನು ಕರೆಯುವ ಹಾಗೆ, "ನಿಂಗೂ ಗೊತ್ತು ದೊಂಫರು ಯಾರ್ದು ಅಂತ. ನಿಮ್ಮಪ್ಪನೂ ಅಲ್ಲೇ ಎರೆ ಹಿಡಿದಿದ್ದು."

ಜಾಬಿರ್ ಚುಕ್ಕಾಣಿಯನ್ನು ದಡದ ಕಡೆ ತಿರುಗಿಸಿದ. ಎಂಜಿನ್ನು ಏದುಸಿರು ಬಿಡುತ್ತ ಎಳೆಯತೊಡಗಿತು. ದೋಣಿ ಆಗಲೇ ಭಾರವಾಗಿತ್ತು. ತೊಟ್ಟಿಯ ನೀರು ಅಂಚು ಮೀರಿತು. ಅದರ ಜೊತೆ ಎರೆಮೀನುಗಳೂ ಹೊರಬಂದು ಹಲಗೆಯ ಮೇಲೆ ಮಿಂಚುತ್ತ, ಸಾಹೇಬನ ಬೂಟುಗಳ ಸುತ್ತ ಈಜತೊಡಗಿದವು.

"ಮೊಗೀರೋ ಯಾರಾದ್ರೂ!" ಮಣಿಕು ಕಂಬವನ್ನು ತಬ್ಬಿಕೊಂಡು ಅರಚಿದ. "ಫಿಕ್ರೀ, ಲೇ ಫಿಕ್ರೀ! ಹಿಡಿಯೋ ಬೋಗುಣಿ!"

ಫಿಕ್ರಿ ತನ್ನ ಗಳವನ್ನು ಎದೆಗೊತ್ತಿಕೊಂಡ. "ಅಯ್ಯೋ, ಗಳದ ಕೈ ಅಲ್ವಾ ಮಣಿಕು. ಮುಟ್ಟಿದ್ರೆ ಮೀನು ದೂರ ಹೋಗ್ತದೆ."

"ನಾನು ಹೇಳ್ತಿದೀನಿ, ಮುಟ್ಟೋ!"

"ನಿಮ್ಮಜ್ಜನ ಕಟ್ಟಳೆ. ನಾವ್ಯಾಕೆ ಮುರೀಬೇಕು? ಪರಂಪರೆ ಅಲ್ವಾ ಸಾಹೇಬ್ರೇ?"

ಉಳಿದ ಗಳದವರೂ ಒಬ್ಬೊಬ್ಬರಾಗಿ ಗಳಗಳನ್ನು ಎದೆಗೊತ್ತಿಕೊಂಡು ನಿಂತರು. ಒಬ್ಬನ ತುಟಿ ಕಲ್ಮಾ ಹೇಳುತ್ತಿತ್ತು, ಕೈ ಮಾತ್ರ ಗಳ ಬಿಡಲಿಲ್ಲ. ಈಜು ಅವರಿಗೆ ಬರುತ್ತಿತ್ತು. ಸಾಹೇಬನಿಗೆ ಬರುತ್ತದೋ ಇಲ್ಲವೋ ಯಾರೂ ಕೇಳಿರಲಿಲ್ಲ.

ಗಳ ಹಿಡಿಯದ ಕೈಗಳು ದೋಣಿಯಲ್ಲಿ ಇನ್ನು ಕೆಲವೇ ಇದ್ದವು. ಮಣಿಕುವಿನ ಕೈ ಕಂಬ ಬಿಡುವಂತಿರಲಿಲ್ಲ. ಕ್ಯಾಮೆರಾದವನ ಕೈ ಕ್ಯಾಮೆರಾ ಬಿಡುವಂತಿರಲಿಲ್ಲ. ಅದು ಒದ್ದೆಯಾದರೆ ಅವನ ಕೆಲಸ ಹೋಗುತ್ತಿತ್ತು. ಸಾಹೇಬ ಅತ್ತಿತ್ತ ನೋಡಿದ. ನೀರು ಕಣಕಾಲು ದಾಟಿತ್ತು. ಅವನು ಬಾಗಿ ಬೋಗುಣಿಯನ್ನು ತೆಗೆದುಕೊಂಡ. ಗುಂಡಿಗಿಳಿದ. ಬಿಳಿ ಅಂಗಿ ಎದೆಯವರೆಗೆ ನೆನೆಯಿತು. ಮೊಗೆದ. ಗಾಳಿ ಬರುವ ಕಡೆಗೇ ಚೆಲ್ಲಿದ. ನೀರೆಲ್ಲ ತಿರುಗಿ ಬಂದು ಅವನ ಮುಖಕ್ಕೆ ಬಡಿಯಿತು.

"ಬೇಗ ಬೇಗ ಸಾಹೇಬ್ರೇ," ಎಂದ ಇದ್ರೀಸ್. "ನಿಂತ್ರೆ ಏರ್ತದೆ."

ಸಾಹೇಬ ಮೊಗೆದ. ಉಗುಳಿದ. ಮತ್ತೆ ಮೊಗೆದ. "ನಿನ್ನನ್ನು ಜೈಲಿಗೆ..." ಎಂದ. ಬಾಯಿಗೆ ಉಪ್ಪುನೀರು ಹೋಗಿ ಮಾತು ಮುಗಿಯಲಿಲ್ಲ.

ಇದ್ರೀಸ್ ಮಡಚಿಟ್ಟ ಕೆಂಪು ಅಂಗಿಯನ್ನು ಕೈಗೆತ್ತಿಕೊಂಡ. ಒಂದು ಮೂಲೆ ಒದ್ದೆಯಾಗಿತ್ತು. ಹಿಂಡಿ, ಕೊಡವಿ, ತೊಟ್ಟುಕೊಂಡ. ಆಮೇಲೆ ಕ್ಯಾಮೆರಾದವನ ಕಡೆ ತಿರುಗಿದ.

"ಓಡ್ತಾ ಐತಾ ಅದು?"

ಕ್ಯಾಮೆರಾದವನು ಮಣಿಕುವನ್ನು ನೋಡಿದ, ಸಾಹೇಬನನ್ನು ನೋಡಿದ. ನಿಧಾನವಾಗಿ ಹೌದೆಂದು ತಲೆಯಾಡಿಸಿದ.

"ಹೇಳಿ ಸಾಹೇಬ್ರೇ," ಎಂದ ಇದ್ರೀಸ್. "ಮೊಗೀತಾ ಮೊಗೀತಾ ಹೇಳಿ, ಚೆನ್ನಾಗಿರ್ತದೆ. ಸಮುದ್ರ ನಮ್ಮ ತಾಯಿ."

ಸಾಹೇಬ ಮೊಗೆಯುತ್ತಲೇ ಇದ್ದ. ದೊಂಫರುವಿನ ಎರೆಮೀನುಗಳು ಅಂಚು ದಾಟಿ ಒಂದೊಂದೇ ಸಮುದ್ರಕ್ಕೆ ಜಾರುತ್ತಿದ್ದವು. ದೋಣಿಯೊಳಗಿನ ನೀರು ಇಳಿಯುತ್ತಲೂ ಇರಲಿಲ್ಲ, ಏರುವುದು ನಿಂತಿರಲೂ ಇಲ್ಲ. ದಡ ಇನ್ನೂ ಕಾಣುತ್ತಿರಲಿಲ್ಲ.